ಪದಬಂಧದ ಒಗಟು ಸುಳಿವನ್ನು ಬಿಡಿಸೋದು ಹೇಗೆ, ಇನ್ನೊಬ್ಬರಿಗೆ ವಿವರಿಸೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕೋಲಾರದಲ್ಲಿ ಐದಾರು ಜನ ಸೇರಿ ಭಾನುವಾರದ ಪದಬಂಧ ತುಂಬುತ್ತೀರಿ. 'ಸೂರ್ಯ (2)' ಅಂತ, ಅಂದರೆ ಎರಡಕ್ಷರದ ಉತ್ತರವನ್ನು, ನೇರವಾಗಿ ಕೇಳಿದರೆ ಸಲೀಸು. ಮಾತಿನಲ್ಲಿ ಗಂಟು ಹಾಕಿದ ಸುಳಿವು ಬಂದರೆ ಮಾತ್ರ, ಉತ್ತರ ಅಚ್ಚಾದ ಮೇಲೂ ಅದು ಹೇಗೆ ಬಂತು ಅಂತ ಯಾರಿಗೂ ಹೇಳಲಾಗುವುದಿಲ್ಲ.

ಅಂಥ ಸುಳಿವನ್ನು ವಾಕ್ಯವಾಗಿ ಓದಿದರೆ ಕೆಟ್ಟಿರಿ. ಅದರಲ್ಲಿ ಎರಡು ಭಾಗ ಇರುತ್ತವೆ. ಒಂದು ತುದಿಯಲ್ಲಿ ಉತ್ತರದ ಅರ್ಥ; ಉಳಿದದ್ದು ಆ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ವಿಧಾನ. ಅರ್ಥ ಮೊದಲಲ್ಲಿರಬೇಕು ಅಥವಾ ಕೊನೆಯಲ್ಲಿರಬೇಕು, ನಡುವೆ ಬರುವಂತಿಲ್ಲ. ಈ ಎರಡು ಬಿಟ್ಟು ಮೂರನೆಯದೇನೂ ಇರಬಾರದು ಅನ್ನುವುದು ಇಂಗ್ಲಿಷ್ ಕ್ರಿಪ್ಟಿಕ್‌ನವರ (ಒಗಟು ಸುಳಿವಿನ ಪದಬಂಧದವರ) ಹಳೆಯ ಕಟ್ಟುನಿಟ್ಟು. ಕನ್ನಡಕ್ಕೂ ಅದು ಹೊಂದುತ್ತದೆ.

'ರಾಶಿ ಮಗುಚಿದರೆ ತುಮಕೂರು ಜಿಲ್ಲೆಯ ಊರು (2)'. ಕಣ, ರಾಗಿ, ಮೊರ ಎಲ್ಲ ಕಣ್ಣಿಗೆ ಬಂದರೆ ಸುಳಿವು ಕೊಟ್ಟವರು ಗೆದ್ದರು. ಅರ್ಥ ಇರುವುದು 'ತುಮಕೂರು ಜಿಲ್ಲೆಯ ಊರು' ಅನ್ನುವಲ್ಲಿ. 'ಮಗುಚು' ಅಂದರೆ ಹಿಂದುಮುಂದಾಗಿ ಓದು. ರಾ-ಶಿ ತಿರುಗಿ ಶಿ-ರಾ ಆಯಿತು. ಕನ್ನಡದ ಸುಳಿವಿನಲ್ಲಿ '-ದರೆ' ಕಂಡ ಕೂಡಲೇ ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ. ಹತ್ತರಲ್ಲಿ ಎಂಟು ಸಲ ಅದರ ಎಡಕ್ಕೆ ಕೆಲಸ, ಬಲಕ್ಕೆ ಅರ್ಥ. ಮುಂದೆ ಬರುವ ಸುಳಿವುಗಳ 'ಮಡದಿಯೇ', 'ನಗರವೇ' ಅನ್ನುವಲ್ಲಿನ ಏಕಾರವೂ ಹಾಗೆಯೇ, ಅದು ಸಮ ಅನ್ನುವ ಗುರುತು.

ಇಂಗ್ಲಿಷ್ ಕ್ರಿಪ್ಟಿಕ್‌ನ ಪಾಠಗಳನ್ನು ಹಾಗೇ ಎತ್ತಿಕೊಂಡು ಬಂದವರು ಎಡವುವುದು ಇಲ್ಲೇ. ಅಲ್ಲಿ ಸೂಚನೆ ಕೊಡುವ ಪದ ಬೇರೆಯಾಗಿ ನಿಂತಿರುತ್ತದೆ. ನಮ್ಮಲ್ಲಿ ಅದು ಬಾಲದಂತೆ ಪದಕ್ಕೆ ಅಂಟಿಕೊಂಡಿರುತ್ತದೆ. 'ಕೋಲಾ ರಸದೊಳಗೆ ಚಿನ್ನದ ಗಣಿಯ ಜಿಲ್ಲೆ (3)' ನೋಡಿ. ರಸಕ್ಕೆ ಹತ್ತಿದ 'ಒಳಗೆ' ಅನ್ನುವುದೇ ಆಜ್ಞೆ: ಈ ಎರಡು ಪದಗಳ ಒಳಗೇ ಉತ್ತರ ಇದೆ, ಜಾಗ ತೆಗೆದು ಓದು. ಕೋಲಾರಸ, ಕೋಲಾರ. 'ಕೊನೆಯಿಲ್ಲದ ನಗರವೇ ಒಡವೆ (2)' ಅಂದಾಗ 'ಇಲ್ಲದ' ಕತ್ತರಿಯ ಕೆಲಸ ಮಾಡುತ್ತದೆ. ನಗರದ 'ರ' ಹೋಗಿ ನಗ ಉಳಿಯಿತು. ಹಾಗಾಗಿ ಮೊದಲ ಓದಿನಲ್ಲಿ ಪ್ರತ್ಯಯಗಳನ್ನು ಸುತ್ತಿ ಗುರುತು ಮಾಡಿ. ಆಮೇಲೆ ಒಂದೊಂದಕ್ಕೂ ಕೇಳಿ: ಇದು ಕೆಲಸ ಹೇಳುತ್ತಿದೆಯೋ, ವಾಕ್ಯ ಚೆಂದ ಕಾಣಲಿ ಅಂತ ಕೂತಿದೆಯೋ?

ಇನ್ನೊಂದು ವ್ಯತ್ಯಾಸ ಮನೆಗಳ ಎಣಿಕೆ. ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ, ಗುಣಿತ ಒತ್ತು ಸೊನ್ನೆ ಸಮೇತ. ಗುಬ್ಬಿ 2 ಮನೆ, ಚಿಂತಾಮಣಿ 4. ತಿರುಗಿಸುವಾಗ ಅಕ್ಷರ ಇಡಿಯಾಗಿ ತಿರುಗುತ್ತದೆ, ಒತ್ತನ್ನು ಬಿಚ್ಚುವಂತಿಲ್ಲ. ಕುಣಿಗಲ್ 4, ಕೊನೆಯ 'ಲ್' ಗೆ ಸ್ವಂತ ಮನೆ. ಅಂದರೆ ಆ ಮನೆಯನ್ನು ದಾಟುವ ಪದವೂ (ಅದೇ ಮನೆಯನ್ನು ಹಂಚಿಕೊಂಡ ಇನ್ನೊಂದು ದಿಕ್ಕಿನ ಪದ) ಅಲ್ಲೇ 'ಲ್' ಗೆ ಮುಗಿಯಬೇಕು. ಇದನ್ನು ಗಮನಿಸಿದರೆ ಬಲಬದಿಯ, ಕೆಳತುದಿಯ ಎಷ್ಟೋ ಪದ ಬೇಗ ಬಿಚ್ಚಿಕೊಳ್ಳುತ್ತವೆ. ಅಕ್ಷರ ಕಲಕುವ ಸುಳಿವು ಬಂದರೆ ('ಚೆಲ್ಲಾಪಿಲ್ಲಿ', 'ಅಸ್ತವ್ಯಸ್ತ' ಅದರ ಗುರುತು) ಹೆದರಬೇಡಿ. ಮೂರು ಮನೆಗೆ ಆರೇ ಜೋಡಣೆ, ಬರೆದೇ ನೋಡಬಹುದು. ನಾಲ್ಕಕ್ಕೆ 24.

ಈಗ ಸ್ವಲ್ಪ ಗಟ್ಟಿಯಾದದ್ದು: 'ಮಾಲೆಯೊಳಗೆ ಕೋಟೆ ಮಗುಚಿದರೆ ಸಂಭ್ರಮ (4)'.

'-ದರೆ' ಹತ್ತಿರ ಗೆರೆ ಎಳೆಯಿರಿ. ಬಲಕ್ಕೆ 'ಸಂಭ್ರಮ', ಅದು ಅರ್ಥ, ನಾಲ್ಕು ಮನೆ. ಎಡಕ್ಕೆ ಎರಡು ವಸ್ತು, ಎರಡು ಆಜ್ಞೆ: ಒಳಗೆ ಇಡು, ಮಗುಚು. ಮಗುಚಬೇಕಾದದ್ದು ಕೋಟೆ ಮಾತ್ರ, ಮಾಲೆಯಲ್ಲ. ಮಾಲೆಗೆ ಎರಡಕ್ಷರದ ಪದ ಹಾರ, ಸರ. ಕೋಟೆಗೆ ದುರ್ಗ, ಗಡ (ಪಾವಗಡದ ಗಡ). ದುರ್ಗ ತಿರುಗಿದರೆ 'ರ್ಗ-ದು', ಒಳಗಿಟ್ಟರೂ ಪದವಾಗುವುದಿಲ್ಲ, ಬಿಡಿ. ಗಡ ತಿರುಗಿ ಡಗ. ಹಾರದೊಳಗೆ ಇಟ್ಟರೆ 'ಹಾಡಗರ', ಏನೂ ಅಲ್ಲ. ಸರದೊಳಗೆ ಇಟ್ಟರೆ ಸ-ಡಗ-ರ: ಸಡಗರ. ಅರ್ಥ ನೋಡಿದ ಕೂಡಲೇ ಸಡಗರ ಅಂತ ಹೊಳೆದವರಿಗೂ ನಾನು ಹೇಳುವುದು ಒಂದೇ, ಒಡೆದು ನೋಡದೆ ಶಾಯಿಯಲ್ಲಿ ಬರೆಯಬೇಡಿ.

ಹೀಗೆ ಬದಲಿ ಪದ ಹುಡುಕಲು ಒಂದು ನೋಟ್ ಪುಸ್ತಕ ಇಡುವುದು ಒಳ್ಳೆಯದು, ಅರ್ಥಕ್ಕೆ ಒಂದು ಪುಟ, ಅದರಲ್ಲಿ ಅಕ್ಷರ ಎಣಿಕೆಯ ಸಾಲುಗಳು. ಚಿನ್ನ ಅಂದರೆ ಎರಡಕ್ಕೆ ಹೊನ್ನು, ಹೇಮ, ಸ್ವರ್ಣ. ಮೂರಕ್ಕೆ ಕನಕ, ಬಂಗಾರ, ಕಾಂಚನ, ಸುವರ್ಣ. ನಿಘಂಟು ಅಕಾರಾದಿಯಲ್ಲಿದೆ, ನಿಮಗೆ ಬೇಕಾದದ್ದು ಮನೆಯ ಲೆಕ್ಕ.

ಪುಟ್ಟ ಪದಗಳ ಬಗ್ಗೆ ಹುಷಾರು. 'ಆ ಮನ್ಮಥನ ಮಡದಿಯೇ ದೇವರ ಮುಂದೆ ಬೆಳಗುವುದು (3)'. ಮನ್ಮಥನ ಮಡದಿ ರತಿ ಅಂತ ಎಲ್ಲರೂ ಹೇಳುತ್ತಾರೆ, 'ಆ' ಅನ್ನು ಮರೆಯುತ್ತಾರೆ. ಅದು ಅಕ್ಷರವಾಗಿಯೇ ಬಂದಿದೆ: ಆ+ರತಿ, ಆರತಿ. ಆ, ಈ, ನಾ, ಬಾ ಸುಳಿವಿನಲ್ಲಿ ಕಂಡರೆ ಮೊದಲು ಹಾಗೇ ಎತ್ತಿಡಿ.

ಎರಡೂ ತುದಿಯಲ್ಲಿ ಅರ್ಥವೇ ಇರುವ ಸುಳಿವೂ ಉಂಟು: 'ವೀರಣ್ಣನ ಊರು ಚಿಲಿಪಿಲಿ ಎನ್ನುತ್ತದೆ (2)', ಗುಬ್ಬಿ. ಕಟ್ಟುವ ಕೆಲಸ ಇಲ್ಲ, ಕಂಪನಿ ನಾಟಕ ಗೊತ್ತಿದ್ದರೆ ಸಾಕು. ಹಾಗೆಯೇ 'ಜೇನಿನ ಪಕ್ಕ ಬೆಟ್ಟ ಇರುವ ಊರು (4)' ಅಂತ ಮಧುಗಿರಿಯನ್ನು ಕೇಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಒಗಟಲ್ಲ, ಸಮಾಸ ಬಿಡಿಸಿದ್ದು ಅಷ್ಟೆ. ಪದ ಒಡೆಯುವ ಜಾಗ ಅದರ ವ್ಯುತ್ಪತ್ತಿಗಿಂತ ಬೇರೆಯಾಗಿದ್ದರೇ ಮಜಾ.

ಎರವಲು ಪದಗಳಲ್ಲಿ ಕಾಗುಣಿತ ಕೈ ಕೊಡುತ್ತದೆ. 'ಹೋಗುವಾಗಲೂ ಬರುವಾಗಲೂ ಒಂದೇ ಆದ ಕೋಲಾರದ ಮಂಡಿಯ ಕೆಂಪು ಸರಕು (3)'. ಟೊಮೆಟೊ, ಎರಡು ಕಡೆಯಿಂದಲೂ ಅದೇ. ಆದರೆ ಕೊನೆಗೆ ದೀರ್ಘ ಹಾಕಿ 'ಟೋ' ಅಂತ ಬರೆದರೆ ಸುಳಿವೇ ಸುಳ್ಳಾಗುತ್ತದೆ. ನಡುವಿನ ಅಕ್ಷರ ಮೆ, ಮೇ, ಮ್ಯಾ ಯಾವುದು ಅನ್ನುವುದನ್ನು ಸುಳಿವು ಹೇಳುವುದಿಲ್ಲ. ಅಲ್ಲಿ ದಾಟುವ ಪದ ಬರುವ ತನಕ ಆ ಮನೆ ಖಾಲಿ ಬಿಡಿ. ಶಿರಾ-ಸಿರಾ ಗೊಂದಲವೂ ಇದೇ ಜಾತಿ. ಅಲ್ಲಿ 'ರಾಶಿ' ಇರುವುದರಿಂದ ಸುಳಿವೇ ತೀರ್ಪು ಕೊಡುತ್ತದೆ.

ವಿವರಿಸುವ ವಿಚಾರ. ಉತ್ತರದಿಂದ ಶುರು ಮಾಡಬೇಡಿ, ಕೇಳುವವರು 'ಓ ಹೌದಾ' ಅಂದು ಮುಂದೆ ಹೋಗಿಬಿಡುತ್ತಾರೆ. ಮೊದಲು ಅರ್ಥದ ಭಾಗಕ್ಕೆ ಅಡಿಗೆರೆ ಹಾಕಿ ತೋರಿಸಿ, ಅಷ್ಟರಲ್ಲೇ ಅರ್ಧ ಜನಕ್ಕೆ ಹೊಳೆಯುತ್ತದೆ. ಆಮೇಲೆ ಒಂದು ಸಾಲಿನಲ್ಲಿ ಬರೆಯಿರಿ: ಸ(ಡಗ)ರ, ಡಗ = ಗಡ ←. ಕಂಸ ಅಂದರೆ ಒಳಗಿಟ್ಟದ್ದು, ಬಾಣ ಅಂದರೆ ತಿರುಗಿದ್ದು, ಕೂಡು ಚಿಹ್ನೆ ಅಂದರೆ ಪಕ್ಕಪಕ್ಕ. ಕೊನೆಗೆ ಸುಳಿವಿನ ಪ್ರತಿ ಪದವನ್ನೂ ಹೊಡೆದುಹಾಕುತ್ತಾ ಬನ್ನಿ. ಕೆಲಸವಿಲ್ಲದ ಪದ ಒಂದು ಉಳಿದರೂ ನಿಮ್ಮ ಉತ್ತರ ತಪ್ಪಿರಬಹುದು, ಇಲ್ಲವೇ ಸುಳಿವು ಸಡಿಲ. ಸಡಿಲ ಅಂತ ದೂರುವ ಮೊದಲು ಒಂದು ದಾಟುವ ಪದವನ್ನಾದರೂ ಖಚಿತ ಮಾಡಿಕೊಳ್ಳಿ.

ಅಂದಹಾಗೆ, ಕನ್ನಡದಲ್ಲಿ ಸಾವಿರಾರು ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಸೇರಿದ ಅ.ನಾ. ಪ್ರಹ್ಲಾದರಾವ್ ಹುಟ್ಟಿದ್ದು ನಿಮ್ಮ ಜಿಲ್ಲೆಯ ಅಬ್ಬಣಿಯಲ್ಲೇ.

ಬರುವ ಭಾನುವಾರಕ್ಕೆ ಎರಡು, ಉತ್ತರದ ಜೊತೆ ವಿವರಣೆಯ ಸಾಲನ್ನೂ ಬರೆಯಿರಿ: 'ಆ ಮಾಲೆಯೇ ಊಟ (3)', 'ಹಿಂದಕ್ಕೆ ಹರಿದ ನದಿಗೆ 24 ಗಂಟೆ (2)'.