ನ್ಯೂಪೋರ್ಟಿನಿಂದ ದಕ್ಷಿಣಕ್ಕೆ ನಡೆಯಿರಿ

ನಿಮ್ಮ ಪತ್ರವನ್ನು ಓದಿದೆ. ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿ ರಾಜ್ಯದ ಜರ್ಸಿ ಸಿಟಿಯ ನ್ಯೂಪೋರ್ಟಿಗೆ ಬಂದಿಳಿದಿರುವುದಾಗಿಯೂ, ಯಜಮಾನರು ನದಿಯಡಿಯ ಸುರಂಗದಲ್ಲಿ ಓಡುವ ಪಾಥ್ ರೈಲು ಹತ್ತಿ ಆಚೆ ದಂಡೆಯ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಕಚೇರಿಗೆ ಹೋದ ಮೇಲೆ ಇಪ್ಪತ್ತೆರಡನೆಯ ಮಹಡಿಯ ಕಿಟಕಿಯಿಂದ ಹಡ್ಸನ್ ನದಿಯನ್ನು ನೋಡುತ್ತ ಕೂರುವುದೇ ದಿನಚರಿಯಾಗಿದೆಯೆಂದೂ ಬರೆದಿದ್ದೀರಿ. ವೀಸಾದ ಕಾರಣ ಕೆಲಸಕ್ಕೆ ಸೇರುವಂತಿಲ್ಲ, ಮನೆಯಲ್ಲಿ ಕಾರಿಲ್ಲ, ದಿನಾ ದುಡ್ಡು ಖರ್ಚು ಮಾಡುವ ಮನಸ್ಸಿಲ್ಲ. "ಅಕ್ಕಾ, ಇಲ್ಲಿ ಗಾಜಿನ ಕಟ್ಟಡಗಳನ್ನು ಬಿಟ್ಟರೆ ಏನಿದೆ?" ಎಂದು ಕೇಳಿದ್ದೀರಿ. 2011ರಲ್ಲಿ ಕುಂದಾಪುರದಿಂದ ಬಂದ ನಾನು ಇದೇ ಪ್ರಶ್ನೆಯನ್ನು ಯಾರನ್ನು ಕೇಳಬೇಕೆಂದು ತಿಳಿಯದೆ ಒಂದು ಇಡೀ ಚಳಿಗಾಲವನ್ನು ಕಳೆದವಳಾದ್ದರಿಂದ, ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ನನ್ನದೇ ಒಂದು ಪೆದ್ದುತನವನ್ನು ಹೇಳಬೇಕು. ಬಂದ ಹೊಸತರಲ್ಲಿ ನದಿಯ ಅಂಚಿನ ಹಾದಿಯಲ್ಲಿ ಹೊರಟಿದ್ದೆ. ಒಂದು ದೊಡ್ಡ ಕಟ್ಟಡದ ಮುಂದೆ ಹಾದಿಗೆ ನುಣುಪು ಕಲ್ಲು ಹಾಸಿ, ಹೂವಿನ ಕುಂಡಗಳನ್ನಿಟ್ಟು, ಬಾಗಿಲಲ್ಲಿ ಕಾವಲಿನವನನ್ನು ನಿಲ್ಲಿಸಿದ್ದರು. ಇದು ಅವರ ಖಾಸಗಿ ಅಂಗಳವಿರಬೇಕೆಂದು ಹೆದರಿ ನಾನು ಹಿಂತಿರುಗಿಬಿಟ್ಟೆ. ಆತ ನನ್ನನ್ನು ತಡೆದಿರಲಿಲ್ಲ, ನನ್ನತ್ತ ನೋಡಿರಲೂ ಇಲ್ಲ. ಆ ಹಾದಿ ಸಾರ್ವಜನಿಕರದ್ದೆಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು. ದಕ್ಷಿಣದ ಬೇಯೋನ್ ಊರಿನಿಂದ ಉತ್ತರದ ಜಾರ್ಜ್ ವಾಷಿಂಗ್ಟನ್ ಸೇತುವೆಯವರೆಗೆ ಸುಮಾರು 18 ಮೈಲಿ ಉದ್ದಕ್ಕೆ ಇಂತಹ ಕಾಲುದಾರಿ ಇರಬೇಕೆಂಬುದು ನ್ಯೂಜೆರ್ಸಿ ರಾಜ್ಯದ ಯೋಜನೆ. ನೀರಿನಂಚಿನಲ್ಲಿ ಕಟ್ಟಡವೆಬ್ಬಿಸುವವರು, ಅದು ಎಷ್ಟೇ ದುಬಾರಿಯ ಕಟ್ಟಡವಾಗಿರಲಿ, ಕನಿಷ್ಠ 30 ಅಡಿ ಅಗಲದ ದಾರಿಯನ್ನು ಎಲ್ಲರಿಗೂ ತೆರೆದಿಡಬೇಕೆಂಬುದು ನಿಯಮ. ಉಬ್ಬರವಿಳಿತದ ನೀರು ಮುಟ್ಟುವ ದಡದ ಮೇಲೆ ಜನರೆಲ್ಲರಿಗೂ ಹಕ್ಕಿದೆಯೆಂಬ ಹಳೆಯ ನ್ಯಾಯತತ್ತ್ವ ಇದರ ಹಿಂದಿದೆ. ಅಲ್ಲಲ್ಲಿ ಕೊಂಡಿ ತಪ್ಪಿದ್ದರೂ ನಿಮ್ಮ ಮನೆಯಿಂದ ದಕ್ಷಿಣಕ್ಕೆ ಹೋಗುವ ಭಾಗ ಚೆನ್ನಾಗಿದೆ. ಬಾಡಿಗೆಗಿರುವವರು, ವೀಸಾದ ಮೇಲಿರುವವರು ಎಂಬ ಅಳುಕನ್ನು ಬಿಟ್ಟು ನಡೆಯಿರಿ.

ನೀವು ವಾಸಿಸುವ ನೆಲ ಹಿಂದೆ ಈರಿ ರೈಲ್ವೆ ಕಂಪನಿಯ ಹಳಿಗಳ ಅಂಗಳವಾಗಿತ್ತು. ರೈಲುಗಳ ಕಾಲ ಮುಗಿದು ಪಾಳುಬಿದ್ದಿದ್ದ ಅಲ್ಲಿ 1986ರಿಂದೀಚೆಗೆ ಈ ಕಟ್ಟಡಗಳೆದ್ದವು. ಮುಂದಿನ ಎಕ್ಸ್‌ಚೇಂಜ್ ಪ್ಲೇಸಿನದೂ ಇದೇ ಕಥೆ, ಅಲ್ಲಿದ್ದದ್ದು ಪೆನ್ಸಿಲ್ವೇನಿಯಾ ರೈಲ್ವೆಯ ಕೊನೆಯ ನಿಲ್ದಾಣ. ಅಲ್ಲಿ ಬೆನ್ನಿಗೆ ಬಯೋನೆಟ್ ಚುಚ್ಚಿಸಿಕೊಂಡು ನಿಂತ ಸೈನಿಕನ ದೊಡ್ಡ ಕಂಚಿನ ಪ್ರತಿಮೆಯನ್ನು ಕಂಡು ಬೆಚ್ಚಬೇಡಿ. 1940ರಲ್ಲಿ ಸೋವಿಯೆತ್ ಆಡಳಿತ ರಷ್ಯಾದ ಕಟೀನ್ ಕಾಡಿನಲ್ಲಿ ಕೊಂದ ಪೋಲೆಂಡಿನ ಅಧಿಕಾರಿಗಳ ನೆನಪಿಗೆ 1991ರಲ್ಲಿ ಅದನ್ನು ನಿಲ್ಲಿಸಿದರು. 2018ರಲ್ಲಿ ಅದನ್ನು ಅಲ್ಲಿಂದ ಸರಿಸಲು ಹೊರಟಾಗ ಜನರ ವಿರೋಧ ಜೋರಾಗಿ, ಪ್ರತಿಮೆ ಇದ್ದಲ್ಲೇ ಉಳಿಯಿತು. ಇನ್ನೊಂದಿಷ್ಟು ದೂರ ಸಾಗಿದರೆ ಎಂಟು ಮೂಲೆಯ ಕೋಲ್ಗೇಟ್ ಗಡಿಯಾರ ಸಿಗುತ್ತದೆ. 50 ಅಡಿ ವ್ಯಾಸದ ಈ ಗಡಿಯಾರ 1924ರದ್ದು. ಹಿಂದಿದ್ದ ಸಾಬೂನಿನ ಕಾರ್ಖಾನೆ ಹೋದರೂ ಗಡಿಯಾರ ಮಾತ್ರ ನದಿಯ ಕಡೆ ಮುಖ ಮಾಡಿ ಉಳಿದಿದೆ. ನಿಧಾನವಾಗಿ ನಡೆದರೂ ನಿಮ್ಮ ಮನೆಯಿಂದ ಅಲ್ಲಿಗೆ ಮುಕ್ಕಾಲು ಗಂಟೆ ಸಾಕು. ಮರಳುವಾಗ ಪೌಲಸ್ ಹುಕ್‌ನ ಹಳೆಯ ಇಟ್ಟಿಗೆ ಮನೆಗಳ ಬೀದಿಗಳ ಮೂಲಕ ಬನ್ನಿ.

ಆದರೆ ನಾನು ಹೋಗುವುದು ಇವುಗಳಿಗಾಗಿ ಅಲ್ಲ, ನೀರಿಗಾಗಿ. ಕಿಟಕಿಯಿಂದ ನೋಡುವಾಗ ನದಿ ಒಂದು ದಿನ ಎಡಕ್ಕೂ ಇನ್ನೊಂದು ದಿನ ಬಲಕ್ಕೂ ಹರಿಯುವಂತೆ ಕಾಣುತ್ತದೆ, ಕಣ್ಣಿನ ಭ್ರಮೆಯೇ ಎಂದು ಕೇಳಿದ್ದೀರಲ್ಲ, ಭ್ರಮೆಯಲ್ಲ. ಇದು ನದಿಯೆನ್ನುವುದಕ್ಕಿಂತ ಬಹುಉದ್ದದ ಅಳಿವೆ. ಸಮುದ್ರದ ಭರತ, ಅಂದರೆ ಉಬ್ಬರ, ಇಲ್ಲಿಂದ 150 ಮೈಲಿ ಮೇಲಿರುವ ಟ್ರಾಯ್ ಊರಿನ ಅಣೆಕಟ್ಟಿನವರೆಗೂ ಏರಿ ಹೋಗುತ್ತದೆ. ಇಲ್ಲಿನ ಮೂಲನಿವಾಸಿಗಳು ಇದನ್ನು ಎರಡೂ ಕಡೆ ಹರಿಯುವ ನೀರು ಎಂಬರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಪಂಚಗಂಗಾವಳಿಯ ದಡದಲ್ಲಿ ಬೆಳೆದು, ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಗಳು ಭರತಕ್ಕೆ ಕಾಯುವುದನ್ನು ಕಂಡಿದ್ದ ನನಗೆ ಈ ವಿಷಯ ತಿಳಿದ ದಿನವೇ ಈ ಊರಿನ ಮೇಲೆ ಮೊದಲ ಸಲ ಒಂದಿಷ್ಟು ಸಲಿಗೆ ಹುಟ್ಟಿತು. ಫೋನಿನಲ್ಲಿ ಉಬ್ಬರವಿಳಿತದ ವೇಳಾಪಟ್ಟಿ ಸಿಗುತ್ತದೆ. ಒಂದು ವಾರ ಅದನ್ನು ಹಿಡಿದು ಒಂದೇ ಕಂಬದ ಬುಡವನ್ನು ನೋಡಿ, ನೀರು ಎಷ್ಟು ಏರಿಳಿಯುತ್ತದೆಂದು ಗೊತ್ತಾಗುತ್ತದೆ. ಕಟ್ಟೆಯ ಮೇಲೆ ಗಾಳ ಹಾಕಿ ಕೂತವರೊಡನೆ ಮಾತನಾಡಬಹುದು, ಅವರಲ್ಲಿ ಹೆಚ್ಚಿನವರು ಮಾತುಗಾರರು. ಏಡಿ ಕೊಟ್ಟರೆ ಮಾತ್ರ ನಯವಾಗಿ ಬೇಡವೆನ್ನಿ. ದಶಕಗಳ ಕಾಲ ಮೇಲ್ದಂಡೆಯ ಕಾರ್ಖಾನೆಗಳಿಂದ ಪಿಸಿಬಿ ಎಂಬ ವಿಷ ನದಿಗೆ ಸೇರಿರುವುದರಿಂದ ಇಲ್ಲಿನ ಮೀನು, ಏಡಿಗಳ ಬಗ್ಗೆ ಸರಕಾರದ ಎಚ್ಚರಿಕೆಗಳಿವೆ. ಕರಾವಳಿಯವಳಾದ ನನಗೆ ಇದೊಂದು ಇಂದಿಗೂ ನುಂಗಲಾರದ ಸಂಕಟ.

ಸಂಜೆಯ ಬಗ್ಗೆಯೂ ಒಂದು ಮಾತು. ನಮ್ಮ ದಂಡೆ ಪೂರ್ವಕ್ಕೆ ಮುಖ ಮಾಡಿರುವುದರಿಂದ ಸೂರ್ಯ ನಮ್ಮ ಬೆನ್ನ ಹಿಂದೆ ಮುಳುಗುತ್ತಾನೆ, ಆದರೆ ಅವನ ಕೆಂಪೆಲ್ಲವೂ ಎದುರು ದಂಡೆಯ ಗಾಜುಗಳ ಮೇಲೆ ಬೀಳುತ್ತದೆ. ಮ್ಯಾನ್‌ಹಟನ್ನಿನಲ್ಲಿ ಇರುವವರಿಗೆ ಮ್ಯಾನ್‌ಹಟನ್ ಹೀಗೆ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಈ ನೋಟ ನಾಲ್ಕೂವರೆಗೇ ಮುಗಿದುಹೋಗುವುದರಿಂದ ಮಧ್ಯಾಹ್ನದ ನಿದ್ದೆಯನ್ನು ಬಿಡಬೇಕಾಗುತ್ತದೆ. ಚಳಿ ಬಲವಾದ ವರ್ಷಗಳಲ್ಲಿ ಜನವರಿ, ಫೆಬ್ರವರಿಯಲ್ಲಿ ಮಂಜುಗಡ್ಡೆಯ ಹಲಗೆಗಳು ಭರತದೊಡನೆ ಮೇಲಕ್ಕೂ ಇಳಿತದೊಡನೆ ಕೆಳಕ್ಕೂ ತೇಲುತ್ತಿರುತ್ತವೆ. ಚಳಿಗಿಂತ ನದಿಯ ಗಾಳಿಯೇ ಹೆಚ್ಚು ಕಾಡುತ್ತದೆ. ದಪ್ಪ ಕೋಟಿಗಿಂತ ಮೊದಲು ಕಿವಿ ಮುಚ್ಚುವ ಟೋಪಿಯನ್ನು ಕೊಳ್ಳಿ.

ಒಂದು ಇಡೀ ದಿನ ಬಿಡುವಿದ್ದಾಗ ಲಿಬರ್ಟಿ ಸ್ಟೇಟ್ ಪಾರ್ಕಿಗೆ ಹೋಗಬೇಕು. ಗಡಿಯಾರದ ಬಳಿಯಿಂದ ಅದು ಕೂಗಳತೆಯಲ್ಲಿರುವಂತೆ ಕಾಣುತ್ತದೆಯಾದರೂ ನಡುವೆ ಹಳೆಯ ಮಾರಿಸ್ ಕಾಲುವೆಯ ನೀರಿರುವುದರಿಂದ ಸುತ್ತುಹಾಕಲೇಬೇಕು. ನ್ಯೂಪೋರ್ಟಿನಿಂದ ಲೈಟ್ ರೈಲಿನಲ್ಲಿ ಅದೇ ಹೆಸರಿನ ನಿಲ್ದಾಣದಲ್ಲಿಳಿದು ನಡೆಯುವುದು ಸುಲಭ. ಅಲ್ಲಿ ನದಿಯಂಚಿನಲ್ಲಿ 1889ರಲ್ಲಿ ಕಟ್ಟಿದ ರೈಲು ನಿಲ್ದಾಣವಿದೆ, 1967ರಲ್ಲಿ ಅದು ಮುಚ್ಚಿತು. ಎದುರಿಗಿರುವ ಎಲ್ಲಿಸ್ ದ್ವೀಪದ ಮೂಲಕ 1892ರಿಂದ 1954ರವರೆಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ವಲಸಿಗರು ಈ ದೇಶದೊಳಗೆ ಬಂದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ದೋಣಿಯಲ್ಲಿ ಇದೇ ನಿಲ್ದಾಣಕ್ಕೆ ಬಂದು, ಇಲ್ಲಿಂದ ರೈಲು ಹತ್ತಿ ಚದುರಿಹೋದರು. ಖಾಲಿ ಪ್ಲಾಟ್‌ಫಾರಂಗಳ ತುದಿಯಲ್ಲಿ ಸೇರಬೇಕಾದ ಊರುಗಳ ಹೆಸರಿನ ಫಲಕಗಳಿವೆ, ಅವನ್ನು ಓದದೆ ಬರಬೇಡಿ. ಸ್ವಾತಂತ್ರ್ಯ ದೇವಿಯ ಪ್ರತಿಮೆಗೂ ಎಲ್ಲಿಸ್ ದ್ವೀಪಕ್ಕೂ ಒಂದೇ ಟಿಕೆಟಿನಲ್ಲಿ ಇಲ್ಲಿಂದ ದೋಣಿ ಹೊರಡುತ್ತದೆ, ಊರಿನಿಂದ ಅಪ್ಪ ಅಮ್ಮ ಬಂದಾಗ ಮ್ಯಾನ್‌ಹಟನ್ನಿನ ಸರತಿ ಸಾಲಿನಲ್ಲಿ ಅವರನ್ನು ನಿಲ್ಲಿಸುವ ಬದಲು ಇಲ್ಲಿಗೇ ಕರೆತನ್ನಿ. ನಿಲ್ದಾಣದ ಪಕ್ಕದಲ್ಲೇ ಎರಡು ಎತ್ತರದ ಉಕ್ಕಿನ ಗೋಡೆಗಳ ಸ್ಮಾರಕವಿದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತ ನ್ಯೂಜೆರ್ಸಿಯವರ ಹೆಸರುಗಳು ಅದರಲ್ಲಿವೆ, ನಮ್ಮ ದೇಶದವರ ಹೆಸರುಗಳೂ ಇವೆ. ಗೋಡೆಗಳ ನಡುವೆ ನಿಂತರೆ, ಅಂದು ಉರುಳಿದ ಜೋಡಿ ಗೋಪುರಗಳಿದ್ದ ಜಾಗ ನೇರ ಎದುರಿಗೆ ಕಾಣುತ್ತದೆ.

ಅಡುಗೆಯ ಸಾಮಾನಿನ ಚಿಂತೆ ನಿಮಗೆ ಬೇಡ. ನ್ಯೂಪೋರ್ಟಿನಿಂದ ಪಾಥ್ ರೈಲಿನಲ್ಲಿ ಎರಡನೆಯ ನಿಲ್ದಾಣವಾದ ಜರ್ನಲ್ ಸ್ಕ್ವೇರಿನ ಹತ್ತಿರ, ನ್ಯೂಅರ್ಕ್ ಅವೆನ್ಯೂದ ಇಂಡಿಯಾ ಸ್ಕ್ವೇರಿನಲ್ಲಿ ಕರಿಬೇವಿನಿಂದ ಹಿಡಿದು ಕುಚ್ಚಲಕ್ಕಿಯವರೆಗೆ ಎಲ್ಲ ಸಿಗುತ್ತದೆ. ನವರಾತ್ರಿಯಲ್ಲಿ ಅಲ್ಲಿ ಬೀದಿಯಲ್ಲೇ ಗುಜರಾತಿಗಳ ಗರ್ಬಾ ನಡೆಯುತ್ತದೆ. ಸದ್ಯಕ್ಕೆ ಕಾರು ಬೇಡ. ಬ್ರಿಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನದಂಥ ದೂರದ ಜಾಗಗಳಿಗೆ ಯಾರಾದರೂ ಕನ್ನಡದವರ ಕಾರಿನಲ್ಲಿ ಜಾಗ ಸಿಕ್ಕೇ ಸಿಗುತ್ತದೆ.

ನೀರನ್ನು ನಂಬುವ ಬಗ್ಗೆಯೂ ಹೇಳದಿದ್ದರೆ ತಪ್ಪಾದೀತು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ, ನಾನು ದಿನಾ ನಡೆಯುತ್ತಿದ್ದ ಹಾದಿಯನ್ನು ದಾಟಿ ನದಿ ಬೀದಿಗಳಿಗೆ ನುಗ್ಗಿತು, ಪಾಥ್ ಸುರಂಗಗಳಿಗೂ ನೀರು ತುಂಬಿತು. ನಮ್ಮ ಕಟ್ಟಡದಲ್ಲಿ ಲಿಫ್ಟ್ ನಿಂತು, ಕುಡಿಯುವ ನೀರನ್ನು ಹದಿನಾಲ್ಕು ಮಹಡಿ ಹೊತ್ತು ಏರಿದ್ದೇವೆ. ಫೋನಿಗೆ ಬರುವ ಪ್ರವಾಹದ ಎಚ್ಚರಿಕೆಯನ್ನು ಸದ್ದು ಮಾಡುತ್ತದೆಂದು ಯಾವತ್ತೂ ಆರಿಸಿಡಬೇಡಿ.

ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಾನು ಕೋಲ್ಗೇಟ್ ಗಡಿಯಾರದ ಕೆಳಗಿನ ಬೆಂಚಿನಿಂದ ಹೊರಟು ಉತ್ತರಕ್ಕೆ ಬರುತ್ತೇನೆ, ನೀವು ನ್ಯೂಪೋರ್ಟಿನಿಂದ ದಕ್ಷಿಣಕ್ಕೆ ಹೊರಟರೆ ಎಕ್ಸ್‌ಚೇಂಜ್ ಪ್ಲೇಸಿನ ಆಸುಪಾಸಿನಲ್ಲಿ ಎದುರಾಗುತ್ತೇವೆ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ. ಲೋಟ ಮಾತ್ರ ನೀವು ತನ್ನಿ, ನನ್ನ ಹತ್ತಿರ ಇರುವುದು ಒಂದೇ.