ಕಿಲಿಮಂಜಾರೋ ಏರಲು ಎಷ್ಟು ಸ್ವಾಹಿಲಿ ಬೇಕು?

ಪ್ರಶ್ನೆ: ನಾಲ್ಕು ತಿಂಗಳ ನಂತರ ಟಾಂಜಾನಿಯಾದ ಕಿಲಿಮಂಜಾರೋ ಪರ್ವತವನ್ನು ಏರಲು ಹೊರಟಿದ್ದೇನೆ. ಮಾರ್ಗದರ್ಶಿಗಳಿಗೆ ಇಂಗ್ಲಿಷ್ ಬರುವುದರಿಂದ ಸ್ವಾಹಿಲಿ ಕಲಿಯುವುದು ವ್ಯರ್ಥವೆಂದು ಜೊತೆಗಾರರು ಹೇಳುತ್ತಿದ್ದಾರೆ. ಕಲಿಯುವುದಾದರೆ ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಜೊತೆಗಾರರ ಮಾತು ಅರ್ಧ ಮಾತ್ರ ಸರಿ. ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಆ ಪರ್ವತವನ್ನು ಏರುವಂತಿಲ್ಲ, ಅವರೊಡನೆ ಇಂಗ್ಲಿಷಿನಲ್ಲೇ ವ್ಯವಹರಿಸಬಹುದು. ಆದರೆ ನಿಮ್ಮ ಡೇರೆಯನ್ನೂ ಅಡುಗೆಯ ಪಾತ್ರೆಗಳನ್ನೂ ಹೊತ್ತು ನಿಮಗಿಂತ ಮೊದಲೇ ಶಿಬಿರ ಸೇರುವ ಹೊರೆಯಾಳುಗಳಲ್ಲಿ ಹಲವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ತಪ್ಪಲಿನ ಚಗ್ಗಾ ಜನರಿಗೆ ತಮ್ಮದೇ ಭಾಷೆಯಿದ್ದರೂ ಶಿಬಿರದಲ್ಲಿ ಎಲ್ಲರನ್ನೂ ಬೆಸೆಯುವುದು ಸ್ವಾಹಿಲಿಯೇ.

ಉಚ್ಚಾರಣೆಗೆ ಹೆದರಬೇಡಿ. ಕನ್ನಡದಂತೆಯೇ ಸ್ವಾಹಿಲಿಯ ಪದಗಳೂ ಸ್ವರದಲ್ಲಿ ಕೊನೆಗೊಳ್ಳುತ್ತವೆ. ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ವ್ಯಾಕರಣವನ್ನು ಸದ್ಯಕ್ಕೆ ಬದಿಗಿಡಿ. ಹಿರಿಯರಿಗೆ 'ಶಿಕಮೋ' ಎಂದು ವಂದಿಸಿದರೆ ಅವರು 'ಮರಹಬಾ' ಎನ್ನುತ್ತಾರೆ. ನೀರು ಬೇಕಾದಾಗ 'ನತಾಕ ಮಾಜಿ' ಎಂದರೆ ಒರಟಾದೀತು, 'ನಓಂಬ ಮಾಜಿ' ಎಂದು ವಿನಂತಿಸಿಕೊಳ್ಳುವುದೇ ಅಲ್ಲಿಯ ರೂಢಿ. ದಾರಿಯುದ್ದಕ್ಕೂ ಕೇಳಿಬರುವ 'ಪೋಲೆ ಪೋಲೆ' ಎಂದರೆ ನಿಧಾನ, ನಿಧಾನ. ನೀವು ಎಡವಿದಾಗ ಯಾರಾದರೂ ಒಂದೇ ಸಲ 'ಪೋಲೆ' ಎಂದರೆ ಅದು ನಿಧಾನಿಸಿರೆಂಬ ಬುದ್ಧಿಮಾತಲ್ಲ, 'ಅಯ್ಯೋ ಪಾಪ' ಎಂಬ ಸಹಾನುಭೂತಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಗಂಟೆಯ ಲೆಕ್ಕ. ಸ್ವಾಹಿಲಿಯಲ್ಲಿ ಹಗಲಿನ ಎಣಿಕೆ ಸೂರ್ಯೋದಯದಿಂದ ಆರಂಭವಾಗುವುದರಿಂದ ನಮ್ಮ ಬೆಳಗಿನ 7 ಗಂಟೆ ಅವರಿಗೆ 'ಸಾ ಮೋಜಾ', ಅಂದರೆ 1 ಗಂಟೆ. 5,895 ಮೀಟರ್ ಎತ್ತರದ ಉಹುರು ಶಿಖರದತ್ತ ಕೊನೆಯ ಏರಿಕೆ ಸಾಮಾನ್ಯವಾಗಿ ನಡುರಾತ್ರಿಯ ಹೊತ್ತಿಗೆ ಹೊರಡುತ್ತದೆ. ಅದು ಅವರ ಬಾಯಲ್ಲಿ 'ಸಾ ಸಿತಾ ಉಸಿಕು', ರಾತ್ರಿಯ ಆರು. ಆರೆಂಬ ಮಾತನ್ನಷ್ಟೇ ಹಿಡಿದುಕೊಂಡವರು, ಉಳಿದವರೆಲ್ಲ ತಲೆದೀಪ ಕಟ್ಟಿ ನಿಂತಾಗಲೂ ಮಲಗುಚೀಲದೊಳಗೇ ಇದ್ದಾರು.

ಆಮೇಲೆ ದೇಹದ ಮಾತುಗಳು. 'ನಿಮೆಚೋಕ' ಎಂದರೆ ದಣಿದಿದ್ದೇನೆ, 'ಕಿಚ್ವ ಕಿನಾಉಮ' ಎಂದರೆ ತಲೆ ನೋಯುತ್ತಿದೆ, 'ಕಿಝುಂಗುಝುಂಗು' ಎಂದರೆ ತಲೆಸುತ್ತು. ದಣಿವಿಗೆ ವಿಶ್ರಾಂತಿ ಸಾಕಾಗಬಹುದು, ಆದರೆ ತಲೆನೋವು ಮತ್ತು ತಲೆಸುತ್ತು ಎತ್ತರದ ಕಾಯಿಲೆಯ ಮುನ್ಸೂಚನೆಗಳಾಗಿರಬಹುದಾದ್ದರಿಂದ ಇವನ್ನು ಬೇರೆಬೇರೆಯಾಗಿ ಹೇಳಲು ಬರಲೇಬೇಕು. 'ಹಬಾರಿ?' ಎಂದು ಯೋಗಕ್ಷೇಮ ಕೇಳಿದಾಗ 'ನ್ಝೂರಿ', ಚೆನ್ನಾಗಿದ್ದೇನೆ, ಎನ್ನುವುದು ಅಲ್ಲಿಯ ಶಿಷ್ಟಾಚಾರ. 4,000 ಮೀಟರ್ ದಾಟಿದ ಮೇಲೆ ಅಷ್ಟಕ್ಕೇ ನಿಲ್ಲಿಸಬೇಡಿ. ನೋವಿದ್ದರೆ 'ನ್ಝೂರಿ, ಲಕೀನಿ ಕಿಚ್ವ ಕಿನಾಉಮ' ಎಂದು ಸೇರಿಸಿ. 'ಲಕೀನಿ' ಎಂದರೆ 'ಆದರೆ'.