ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟ್ ಯಾಕೆ ಬಿಡಲ್ಲ?

ಮಳೆಗೆ ಹೆದರಿ ಅಲ್ಲ ಮಾರಾಯ್ರೆ, ಅಲೆಗೆ. ದ್ವೀಪದ ಹತ್ರ ಬೋಟ್ ನಿಲ್ಲಿಸಿ ಜನರನ್ನ ಇಳಿಸೋದೇ ಆಗಲ್ಲ, ಅದಕ್ಕೆ ಸುಮಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ್.

ನೈಋತ್ಯ ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ತಡೆಯಿಲ್ಲದೆ ಬೀಸ್ಕೊಂಡು ಬರ್ತದೆ, ದಾರಿಯುದ್ದಕ್ಕೂ ನೀರಿಗೆ ಶಕ್ತಿ ತುಂಬ್ತಾನೇ ಇರ್ತದೆ, ಆ ಉದ್ದುದ್ದ ಅಲೆಗಳು ದಡದ ಹತ್ರ ಆಳ ಕಡಿಮೆ ಆದಾಗ ತಳ ತಾಗಿ ನಿಧಾನ ಆಗಿ, ಹಿಂದಿನ ನೀರು ಮೇಲೆ ಏರಿ ಎತ್ತರ ಆಗಿ ಒಡೀತವೆ. ದ್ವೀಪದ ಸುತ್ತ ಇರೋದು ಕಂಬ ಕಂಬದ ಹಾಗೆ ನಿಂತ ಆ ಫೇಮಸ್ ಕಲ್ಲುಗಳು, ಲಾವಾ ಆರಿ ಕುಗ್ಗುವಾಗ ಬಿರುಕು ಬಿಟ್ಟು ಆದದ್ದು. ಫೋಟೋಗೆ ಚಂದ, ಬೋಟ್ ಬಡಿದ್ರೆ ಕಥೆ ಮುಗೀತು.

ಯಾಂತ್ರಿಕ ಮೀನುಗಾರಿಕೆ ಬೋಟಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆನೇ, ಆದ್ರೆ ಅದು ಮುಖ್ಯವಾಗಿ ಮೀನು ಮೊಟ್ಟೆ ಇಡೋ ಕಾಲ ಅಂತ.

ಮಧ್ಯಾಹ್ನ ಬಿಸಿಲು ಕಂಡ್ರೂ ಬೀಚಲ್ಲಿ ನೀರಿಗೆ ಇಳಿಬೇಡಿ, ಒಡೆದ ಅಲೆಯ ನೀರು ವಾಪಸ್ ಹೋಗುವಾಗ ಎಳ್ಕೊಂಡು ಹೋಗ್ತದೆ. ಮಳೆಗಾಲಕ್ಕೇ ಬರೋದಾದ್ರೆ ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ ಹುಲಿ ನೋಡಿ, ಸೋಮವಾರ ಮಾತ್ರ ಬೇಡ, ರಜೆ. ದ್ವೀಪ ಡಿಸೆಂಬರ್‌ಗೆ ಇಟ್ಕೊಳ್ಳಿ.